ಡಯಟ್ ಶುರು ಮಾಡಿದರೆ ತಲೆ ತಿರುಗುತ್ತದೆಯೇ? ಕರಾವಳಿಯ ಊಟ ಬಿಡದೆ ಸಪೂರ ಆಗುವ ಕ್ರಮ

ಅನ್ನ ಪೂರ್ತಿ ಬಂದ್, ರಾತ್ರಿಗೆ ಒಂದು ಸೇಬು, ಬೆಳಿಗ್ಗೆ ಬಿಸಿನೀರಿಗೆ ಲಿಂಬೆಹುಳಿ. ಮೂರನೇ ದಿನ ತಲೆನೋವು, ಬಸ್ಸಿನಿಂದ ಇಳಿಯುವಾಗ ಕಣ್ಣು ಕತ್ತಲೆ, ಸಂಜೆ ಕೈನಡುಕ. ವಾರ ತುಂಬುವುದರೊಳಗೆ ಹೋಟೆಲಿನಲ್ಲಿ ಗೋಳಿಬಜೆ, ಮನೆಯಲ್ಲಿ ಎರಡು ಪಾಲು ಅನ್ನ. ಮಂಗಳೂರು, ಉಡುಪಿ ಕಡೆ ತೂಕ ಇಳಿಸಲು ಹೊರಟ ಎಷ್ಟೋ ಮಂದಿ ಇಲ್ಲಿಗೇ ನಿಲ್ಲಿಸಿ, 'ನನ್ನ ದೇಹಕ್ಕೆ ಡಯಟ್ ಆಗಿಬರುವುದಿಲ್ಲ' ಎಂದುಬಿಡುತ್ತಾರೆ.

ಆಗಿಬರದಿರುವುದು ಆ ಕ್ರಮ. ತಲೆನೋವು, ಸುಸ್ತು ಬಂದರೆ ಒಳಗಿನ ವಿಷ ಹೊರಗೆ ಹೋಗುತ್ತಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ನಂಬಬೇಡಿ. ಬೇಡದ್ದನ್ನು ಹೊರಹಾಕುವ ಕೆಲಸವನ್ನು ಲಿವರ್ ಮತ್ತು ಕಿಡ್ನಿ ದಿನವೂ ಮಾಡುತ್ತವೆ, ಅದಕ್ಕೆ ತಲೆನೋವು ಬರಬೇಕಾಗಿಲ್ಲ. ಡಯಟ್ ಮಾಡುವಾಗ ಕಾಣುವ ತೊಂದರೆಗಳ ಹಿಂದೆ ಸಾಮಾನ್ಯವಾಗಿ ಗುರುತಿಸಬಹುದಾದ ಕಾರಣ ಇರುತ್ತದೆ. ಉಪ್ಪು ಕಡಿಮೆ ಬಿದ್ದಿರಬಹುದು, ಊಟವನ್ನು ಮಿತಿಮೀರಿ ಕಡಿಮೆ ಮಾಡಿರಬಹುದು, ಚಹಾ ಒಮ್ಮೆಲೇ ಬಿಟ್ಟಿರಬಹುದು, ನುಂಗುವ ಮಾತ್ರೆ ಈಗಿನ ಊಟಕ್ಕೆ ಹೆಚ್ಚಾಗಿರಬಹುದು. ಯಾವುದೆಂದು ಕಂಡುಹಿಡಿದು ಅದೊಂದನ್ನು ಸರಿಪಡಿಸಿದರೆ ತೂಕ ಇಳಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಮೊದಲ ಹೆಜ್ಜೆ: ಮಾತ್ರೆಗಳ ಪಟ್ಟಿ ಮತ್ತು ರಕ್ತಪರೀಕ್ಷೆ

ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, 18 ವರ್ಷದೊಳಗಿನವರು, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು ಈ ಲೇಖನ ಓದಿ ಊಟ ಕಡಿಮೆ ಮಾಡಬಾರದು. ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಶುಗರಿಗೆ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಮತ್ತು ಇನ್ಸುಲಿನ್ ನೀವು ಎಷ್ಟು ಉಂಡಿದ್ದೀರಿ ಎಂದು ನೋಡುವುದಿಲ್ಲ. ಊಟ ಅರ್ಧ ಮಾಡಿ ಮಾತ್ರೆ ಹಿಂದಿನಷ್ಟೇ ನುಂಗಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ನಡುಕ, ಎದೆ ಡವಡವ, ಮಂಕು, ಇವು ಅದರ ಲಕ್ಷಣ. ಡಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಗುಂಪಿನ ಮಾತ್ರೆಯದು ಬೇರೆ ಅಪಾಯ. ಅದನ್ನು ನುಂಗುತ್ತಾ ಅನ್ನ, ದೋಸೆ ಎಲ್ಲ ಬಿಟ್ಟು ಕುಳಿತರೆ, ಶುಗರ್ ಹೆಚ್ಚು ತೋರಿಸದೆಯೇ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ತಲೆ ತಿರುಗುವುದು ಸಾಮಾನ್ಯ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಡಯಟ್ ಶುರು ಮಾಡುವ ಮೊದಲೇ ಮಾತ್ರೆಯ ಚೀಟಿ ಹಿಡಿದುಕೊಂಡು ಹೋಗಿ, 'ಊಟ ಇಷ್ಟು ಕಡಿಮೆ ಮಾಡುತ್ತೇನೆ, ಡೋಸ್ ಬದಲಿಸಬೇಕಾ?' ಎಂದು ನೇರ ಕೇಳಿ.

ಪರೀಕ್ಷೆಗಳು ಹೆಚ್ಚೇನೂ ಬೇಡ. ಹೀಮೊಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್, ಖಾಲಿಹೊಟ್ಟೆಯ ಶುಗರ್ ಅಥವಾ ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕಿಡ್ನಿಗೆ ಕ್ರಿಯಾಟಿನಿನ್. ಸಸ್ಯಾಹಾರಿಗಳಾದರೆ ಬಿ12 ಸೇರಿಸಿ. ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಲ ಪರೀಕ್ಷೆಗಳು ನಡೆಯುತ್ತವೆ. 30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ. ಹೀಮೊಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಅದನ್ನು ಹಾಗೆಯೇ ಬಿಟ್ಟು ಊಟ ಕಡಿಮೆ ಮಾಡಿದರೆ ಸುಸ್ತು ದುಪ್ಪಟ್ಟಾಗುತ್ತದೆ, ದೂರು ಡಯಟ್ ಮೇಲೆ ಬೀಳುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಬೆಳಿಗ್ಗೆ ಖಾಲಿಹೊಟ್ಟೆಗೆ ನುಂಗಿ, ಕಾಫಿ ಚಹಾಕ್ಕೂ ಕಡಿಮೆಯೆಂದರೆ ಅರ್ಧ ಗಂಟೆ ಬಿಡಬೇಕು. ಕಾಫಿಯ ಜೊತೆಗೇ ನುಂಗಿದರೆ ದೇಹ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಎರಡನೆಯದು: ತೊಂದರೆ ಯಾವ ಹೊತ್ತಿಗೆ ಬರುತ್ತದೆ ಎಂದು ಬರೆದಿಡಿ

ಒಂದು ಚಿಕ್ಕ ಪುಸ್ತಕದಲ್ಲಿ ಮೂರು ಸಂಗತಿ ಸಾಕು: ಏನಾಯಿತು, ಎಷ್ಟು ಗಂಟೆಗೆ, ಅದರ ಮೊದಲು ಕೊನೆಯದಾಗಿ ತಿಂದದ್ದೇನು. ನಾಲ್ಕೈದು ದಿನದಲ್ಲಿ ಕಾರಣ ಕಾಣತೊಡಗುತ್ತದೆ.

ಮಲಗಿದ್ದವರು, ಕುಳಿತಿದ್ದವರು ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತಿದ್ದರೆ ಉಪ್ಪು, ನೀರಿನ ಕೊರತೆಯನ್ನು ಮೊದಲು ಅನುಮಾನಿಸಿ. ಊಟ ಕಡಿಮೆಯಾದ ಮೊದಲ ವಾರ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಕರಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹೊರಟುಹೋಗುತ್ತದೆ. ಇನ್ಸುಲಿನ್ ಮಟ್ಟ ಇಳಿದಂತೆ ಕಿಡ್ನಿ ಉಪ್ಪನ್ನೂ ಹೆಚ್ಚು ಹೊರಬಿಡುತ್ತದೆ. ಇದರ ಮೇಲೆ ನಮ್ಮ ಕರಾವಳಿಯ ಸೆಕೆ, ಬೆವರು. ಗಂಜಿ, ಸಾರು, ಉಪ್ಪಿನಕಾಯಿ ಎಲ್ಲ ಒಂದೇ ದಿನ ನಿಂತರೆ ಉಪ್ಪು ಬರುವ ದಾರಿಯೂ ಮುಚ್ಚಿತು. ಮೊದಲ ವಾರ 2 ಕಿಲೋ ಇಳಿಯಿತು ಎಂದು ಖುಷಿಪಡುವುದರಲ್ಲಿ ಹೆಚ್ಚಿನ ಪಾಲು ಈ ನೀರೇ. ಬಿಪಿ ಯಂತ್ರ ಮನೆಯಲ್ಲಿದ್ದರೆ ಐದು ನಿಮಿಷ ಮಲಗಿ ಒಮ್ಮೆ ನೋಡಿ, ಎದ್ದು ನಿಂತು 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅನುಮಾನ ನಿಜ. ಆಗ ಅರ್ಧ ಲೀಟರ್ ನೀರುಮಜ್ಜಿಗೆಗೆ ಕಾಲು ಟೀಚಮಚ ಉಪ್ಪು ಹಾಕಿ, ಹನ್ನೊಂದು ಗಂಟೆಗೂ ಸಂಜೆ ನಾಲ್ಕಕ್ಕೂ ಹಂಚಿ ಕುಡಿಯಿರಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿದರೂ ಅದೇ ಕೆಲಸ ಮಾಡುತ್ತದೆ. ಸಕ್ಕರೆ ಹಾಕದ ಪುನರ್ಪುಳಿ ಸಾರು ಇನ್ನೂ ಹಗುರ. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪು ಸೇರಿಸಬಾರದು. ಕಿಡ್ನಿ ಕಾಯಿಲೆಯವರಿಗೆ ಎಳನೀರೂ ಸಲ್ಲ, ಅದರಲ್ಲಿ ಪೊಟ್ಯಾಶಿಯಂ ಬಹಳ.

ಡಯಟಿನ ಎರಡನೇ ದಿನ ಶುರುವಾಗಿ ವಾರದೊಳಗೆ ತಾನೇ ಹೋಗುವ ತಲೆನೋವು ಹೆಚ್ಚಾಗಿ ಚಹಾ ಕಾಫಿ ಬಿಟ್ಟದ್ದರಿಂದ. ಕೆಫೀನ್ ನಿಂತ 12ರಿಂದ 24 ಗಂಟೆಯಲ್ಲಿ ಅದು ಆರಂಭವಾಗುತ್ತದೆ. ಬಿಡಬೇಕಾದದ್ದು ಸಕ್ಕರೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40 ಗ್ರಾಂ, ಸುಮಾರು 160 ಕ್ಯಾಲೊರಿ. ಲೋಟದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ, ನಾಲಗೆ ಹೊಂದಿಕೊಳ್ಳುತ್ತದೆ. ಚಹಾವನ್ನೇ ಕಡಿಮೆ ಮಾಡಬೇಕೆಂದಿದ್ದರೆ ಮೂರು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡಿ.

ಊಟವಾಗಿ ನಾಲ್ಕೈದು ಗಂಟೆಯ ಮೇಲೆ ನಡುಕ, ಸಿಟ್ಟು, ಸಿಹಿಯ ಮೇಲೆ ಆಸೆ ಬಂದರೆ ಹಿಂದಿನ ಊಟದಲ್ಲಿ ಪ್ರೋಟೀನ್ ಸಾಲಲಿಲ್ಲ ಎಂದುಕೊಳ್ಳಿ. ಬರೀ ಎರಡು ಬನ್ಸ್, ಬರೀ ಅವಲಕ್ಕಿ ಉಪ್ಪಿಟ್ಟು ತಿಂದ ದಿನ ಇದು ಖಂಡಿತ ಕಾಣುತ್ತದೆ. ಶುಗರಿನ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೀಗೆ ಊಹಿಸುತ್ತಾ ಕೂರಬಾರದು, ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಟೀಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ಊಟ ಮಾಡಲೇಬೇಕು.

ಎದೆಯುರಿ, ಹುಳಿತೇಗು ಬರುವವರು ಖಾಲಿಹೊಟ್ಟೆಯ ಲಿಂಬೆನೀರು, ವಿನೆಗರ್, ಕಪ್ಪು ಕಾಫಿ ಮೊದಲು ನಿಲ್ಲಿಸಿ. ಇವು ಕೊಬ್ಬು ಕರಗಿಸುವುದಿಲ್ಲ. ಮಲಬದ್ಧತೆಗೆ ಕಾರಣ ಸರಳ, ಒಳಗೆ ಹೋಗುವುದೇ ಕಡಿಮೆಯಾಗಿದೆ. ಬಸಳೆ, ಹರಿವೆ, ಅಲಸಂಡೆ, ಬಾಳೆದಿಂಡು ಸೇರಿಸಿ. ಆದರೆ ಒಮ್ಮೆಲೇ ಬಟ್ಟಲುಗಟ್ಟಲೆ ಹಸಿ ತರಕಾರಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಬೇಯಿಸಿದ ಪಲ್ಯದಿಂದಲೇ ಆರಂಭಿಸಿ. ಕೂದಲು ಉದುರುವುದು ಎರಡು ಮೂರು ತಿಂಗಳ ಹಿಂದಿನ ಕಡು ಡಯಟಿನ ಫಲ. ಪ್ರೋಟೀನ್, ಕಬ್ಬಿಣ ಸರಿಯಾದರೆ ಕೆಲವು ತಿಂಗಳಲ್ಲಿ ಮರಳಿ ಬೆಳೆಯುತ್ತದೆ.

ಎಷ್ಟು ಕಡಿಮೆ ಮಾಡಬೇಕು

ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಕಷ್ಟ ಹುಟ್ಟುವುದು ಈ ಲೆಕ್ಕ ತಪ್ಪುವುದರಿಂದ. 40 ವರ್ಷದ, 158 ಸೆಂಟಿಮೀಟರ್ ಎತ್ತರದ, 72 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಹೆಂಗಸನ್ನು ತೆಗೆದುಕೊಳ್ಳಿ. ತೂಕ ಇದ್ದ ಹಾಗೇ ಇರಲು ಅವರಿಗೆ ದಿನಕ್ಕೆ ಸುಮಾರು 1,800 ಕ್ಯಾಲೊರಿ ಬೇಕು. ಗಂಜಿ ತಿಳಿ, ಸೌತೆಕಾಯಿ, ಸೇಬಿನಲ್ಲೇ ದಿನ ಕಳೆದರೆ 700, 800ಕ್ಕೆ ಬಂದುನಿಲ್ಲುತ್ತಾರೆ. ಒಂದು ಸಾವಿರದ ಕೊರತೆಯನ್ನು ತಾಳಿಕೊಂಡು ಆಫೀಸು, ಮನೆ, ಮಕ್ಕಳು ನೋಡುವುದು ಯಾರಿಗೂ ಕಷ್ಟ. ಅವರು 400 ಕಡಿಮೆ ಮಾಡಿ 1,400ರಲ್ಲಿ ನಿಂತರೆ ಸಾಕು. ತಿಂಗಳಿಗೆ ಒಂದೂವರೆ ಕಿಲೋದ ಆಸುಪಾಸು ಇಳಿಯುತ್ತದೆ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200, ಗಂಡಸರು 1,500 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು.

ಮೊದಲ ಗುರಿಯೂ ದೊಡ್ಡದು ಬೇಡ. ಭಾರತೀಯರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಆದರೆ ಇರುವ ತೂಕದ ಶೇಕಡಾ 5 ಇಳಿದರೂ ಶುಗರ್, ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತದೆ. 72 ಕಿಲೋದವರಿಗೆ ಅದು 3.6 ಕಿಲೋ ಮಾತ್ರ.

ಆ 400 ಕ್ಯಾಲೊರಿ ನಮ್ಮ ಅಡುಗೆಮನೆಯಲ್ಲಿ ಎಲ್ಲಿದೆ

ಅನ್ನದ ಮೇಲೆ ಎಲ್ಲರ ಕಣ್ಣು, ಕಾಯಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಒಂದು ಕಪ್ ತೆಂಗಿನತುರಿ, ಅಂದರೆ ಸುಮಾರು 80 ಗ್ರಾಂ, 280 ಕ್ಯಾಲೊರಿ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಗಸಿ, ಪಲ್ಯದ ಮೇಲೆ ಉದುರಿಸಿದ್ದು, ರಾತ್ರಿ ಮತ್ತೆ ಪದಾರ್ಥ ಸೇರಿದರೆ ಒಬ್ಬರ ಪಾಲಿಗೇ ಇಷ್ಟು ಬರುವ ಮನೆಗಳಿವೆ. ಕಾಯಿ ಬಿಡಬೇಕಾಗಿಲ್ಲ, ಕಾಯಿ ಕೆಟ್ಟದ್ದೂ ಅಲ್ಲ. ದಿನಕ್ಕೆ ಒಬ್ಬರಿಗೆ ಮೂರು ಟೇಬಲ್ ಚಮಚ ತುರಿಗೆ ನಿಲ್ಲಿಸಿ. ಅರೆಯುವಾಗ ಕಾಯಿ ಅರ್ಧ ಮಾಡಿ, ಮಂದ ಆಗಲು ಹುರಿದ ಕೊತ್ತಂಬರಿ, ನೀರುಳ್ಳಿ, ಒಂದು ಚಮಚ ನೆನೆಸಿದ ಅಕ್ಕಿ ಸೇರಿಸಿ. ನೀರುಳ್ಳಿ ತಿನ್ನದವರು ಅದರ ಬದಲು ಒಂದು ಹಿಡಿ ಬೇಯಿಸಿದ ತೊಗರಿಬೇಳೆ ಸೇರಿಸಿ ಅರೆಯಬಹುದು. ತಂಬುಳಿಗೆ ಕಾಯಿ ಕಡಿಮೆ, ಮಜ್ಜಿಗೆ ಹೆಚ್ಚು. ಬೂತಾಯಿ, ಬಂಗುಡೆಗೆ ಗಸಿಯ ಬದಲು ಪುಳಿಮುಂಚಿ ಮಾಡಿದರೆ ಕಾಯಿಯ ಪ್ರಶ್ನೆಯೇ ಇಲ್ಲ.

ಎಣ್ಣೆಯ ಲೆಕ್ಕವೂ ಹೀಗೆ. ಒಂದು ಟೇಬಲ್ ಚಮಚ ಎಂದರೆ 120 ಕ್ಯಾಲೊರಿ. ಕಾವಲಿಯ ಮೇಲೆ ರವೆ ಹಚ್ಚಿ ಮೀನು ಹುರಿಯುವಾಗ ರವೆಯೇ ಎಣ್ಣೆ ಕುಡಿಯುತ್ತದೆ. ಅದೇ ಮಸಾಲೆ ಹಚ್ಚಿ, ಬಾಳೆಲೆಯಲ್ಲಿ ಸುತ್ತಿ, ಒಂದು ಚಮಚ ಎಣ್ಣೆಯಲ್ಲಿ ಮುಚ್ಚಿ ಬೇಯಿಸಿ. ಬನ್ಸ್, ಗೋಳಿಬಜೆ ಮೈದಾ ಹಿಟ್ಟು ಮತ್ತು ಕರಿದ ಎಣ್ಣೆ. ವಾರಕ್ಕೊಂದು ಸಲ, ಮನಸ್ಸಿಟ್ಟು ತಿನ್ನಿ, ದಿನದ ಅಭ್ಯಾಸ ಬೇಡ.

ಅನ್ನವನ್ನು ಬೇಯಿಸಿದ ಮೇಲೆ ಅಂದಾಜಿಸಬೇಡಿ, ಅಕ್ಕಿಯಾಗಿರುವಾಗಲೇ ಅಳೆಯಿರಿ. ಒಂದು ಹೊತ್ತಿಗೆ 60 ಗ್ರಾಂ ಕುಚ್ಚಲಕ್ಕಿ, ಸುಮಾರು 210 ಕ್ಯಾಲೊರಿ. ಗಂಜಿಯಾಗಿ ನೀರಿನೊಂದಿಗೆ ಉಂಡರೆ ಇದೇ 60 ಗ್ರಾಂ ಬಟ್ಟಲು ತುಂಬುತ್ತದೆ, ಹೊಟ್ಟೆಯೂ ತುಂಬಿದಂತಾಗುತ್ತದೆ. ಕುಚ್ಚಲಕ್ಕಿ ಗಂಜಿಯಷ್ಟು ಒಳ್ಳೆಯ ಡಯಟ್ ಊಟ ಕೈಯಳತೆಯಲ್ಲಿರುವಾಗ ಓಟ್ಸ್ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ. ನೀರುದೋಸೆ ತೆಳ್ಳಗಿರುವುದರಿಂದ ಎಣಿಕೆ ತಪ್ಪುತ್ತದೆ. ಮೂರಕ್ಕೆ ನಿಲ್ಲಿಸಿ, ಕಾಯಿಬೆಲ್ಲದ ಬದಲು ಮೀನು ಅಥವಾ ಕಡಲೆ ಪದಾರ್ಥದ ಜೊತೆ ತಿನ್ನಿ.

ಹೀಗೆ ತೆಗೆದ ಜಾಗದಲ್ಲಿ ಪ್ರೋಟೀನ್ ತುಂಬಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ ಸುಸ್ತು ಉಳಿದುಬಿಡುತ್ತದೆ. ತೂಕ ಇಳಿಸುವಾಗ ಕಿಲೋಗೆ ಸುಮಾರು ಒಂದು ಗ್ರಾಂ ಇರಲಿ. ನಮ್ಮ 72 ಕಿಲೋದವರಿಗೆ ಲೆಕ್ಕ ಹೀಗೆ ಬರುತ್ತದೆ: ಎರಡು ಮೊಟ್ಟೆ 12 ಗ್ರಾಂ, ಎರಡು ಮಧ್ಯಮ ಗಾತ್ರದ ಬಂಗುಡೆ 24, ಹಸಿಯಾಗಿ ಅಳೆದ 50 ಗ್ರಾಂ ಹುರುಳಿ ಅಥವಾ ಹೆಸರು 11, ಒಂದು ಬಟ್ಟಲು ಮೊಸರು 6, ಸಾಂಬಾರಿನ ಬೇಳೆ 6, ಎರಡು ಹೊತ್ತಿನ ಅನ್ನದಿಂದ 9. ಸಸ್ಯಾಹಾರಿಗಳು ಮೀನು, ಮೊಟ್ಟೆಯ ಜಾಗದಲ್ಲಿ ಕಡಲೆ, ಹೆಚ್ಚು ಮೊಸರು, 50 ಗ್ರಾಂ ಪನೀರ್, ಒಂದು ಲೋಟ ಹಾಲು, ಒಂದು ಸಣ್ಣ ಹಿಡಿ ನೆಲಗಡಲೆ ಇಟ್ಟುಕೊಳ್ಳಬೇಕು. ಹುರುಳಿಯಿಂದ ಗ್ಯಾಸ್ ಆಗುತ್ತದೆ ಎನ್ನುವವರು ಎಂಟು ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಲಿ. ಬರೀ ಹುರುಳಿ ಸಾರಿನ ತಿಳಿ ಕುಡಿದರೆ ಪ್ರೋಟೀನ್ ಕಾಳಿನಲ್ಲೇ ಉಳಿಯುತ್ತದೆ, ಕಾಳನ್ನೂ ತಿನ್ನಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ತಾಜಾ ಮೀನು ತುಟ್ಟಿಯಾಗಿ ಒಣಮೀನಿನ ಕಡೆ ಕೈ ಹೋಗುತ್ತದೆ. ಅದರಲ್ಲಿ ಪ್ರೋಟೀನ್ ಇದೆ, ಉಪ್ಪು ಮಾತ್ರ ವಿಪರೀತ. ಬಿಸಿನೀರಿನಲ್ಲಿ ನೆನೆಸಿ ಎರಡು ಸಲ ನೀರು ಬದಲಿಸಿ. ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಹೆಸರನ್ನೇ ಹೆಚ್ಚು ಮಾಡಿಕೊಳ್ಳುವುದು ಒಳ್ಳೆಯದು.

ಜಂಬರ, ನೇಮ, ಏಕಾದಶಿ

ಮಧ್ಯಾಹ್ನ ಜಂಬರದ ಊಟವಿದೆ ಎಂದು ಬೆಳಿಗ್ಗೆ ಉಪವಾಸ ಇರಬೇಡಿ. ಹಸಿದು ಎಲೆಯ ಮುಂದೆ ಕುಳಿತರೆ ಪಾಯಸಕ್ಕೆ ಲೆಕ್ಕ ಉಳಿಯುವುದಿಲ್ಲ. ಬೆಳಿಗ್ಗೆ ಎರಡು ಇಡ್ಲಿ, ಸಾಂಬಾರು ತಿಂದು ಹೋಗಿ. ಎಲೆಯಲ್ಲಿ ಕೋಸಂಬರಿ, ಪಲ್ಯ, ಸಾರು ಮೊದಲು, ಅನ್ನ ಒಂದೇ ಸಲ, ಪಾಯಸ ಒಂದು ಸೌಟು. ನೇಮ, ಯಕ್ಷಗಾನದ ಆಟ ಎಂದು ರಾತ್ರಿ ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚಿರುತ್ತದೆ, ತಲೆಯೂ ನೋಯುತ್ತದೆ. ಅಂದು ಡಯಟ್ ಬಿಗಿ ಮಾಡದೆ ಮಾಮೂಲಿನಷ್ಟು ಉಂಡು ನಿದ್ದೆ ಮಾಡಿ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಶುಗರ್, ಬಿಪಿ ಮಾತ್ರೆಯ ಹೊತ್ತನ್ನು ವೈದ್ಯರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಬೇಕು. ಸಬ್ಬಕ್ಕಿ, ಬಾಳೆಹಣ್ಣು, ಸಿಹಿ ಅವಲಕ್ಕಿಯ ಫಲಾಹಾರ ಊಟಕ್ಕಿಂತ ಹಗುರ ಎಂದು ತಿಳಿಯಬೇಡಿ.

ನಡಿಗೆ

ಗಾಳಿಯಲ್ಲಿ ತೇವ ಹೆಚ್ಚಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಏಳು ಗಂಟೆಯ ಮೇಲೆ ನಡೆಯಲು ಹೊರಟರೆ ಅರ್ಧದಲ್ಲೇ ತಲೆ ತಿರುಗುವುದು ಇದರಿಂದ. ಮೊದಲ ಎರಡು ವಾರ ಊಟ ಮಾತ್ರ ಸರಿಪಡಿಸಿ, ಊಟದ ಮೇಲೆ 10, 15 ನಿಮಿಷ ಮೆಲ್ಲಗೆ ನಡೆಯಿರಿ. ಆಮೇಲೆ ಕದ್ರಿ ಪಾರ್ಕೋ, ಮಣಿಪಾಲದ ಎಂಡ್ ಪಾಯಿಂಟೋ, ಮಲ್ಪೆಯ ಗಟ್ಟಿ ಮರಳೋ, ಆರು ಗಂಟೆಗೆ ಹೊರಟು ಅರ್ಧ ಗಂಟೆ. ಮಾತಾಡಲು ಆಗುವಷ್ಟು ವೇಗ ಸಾಕು. ಖಾಲಿಹೊಟ್ಟೆಗೆ ತಲೆ ತಿರುಗುವವರು ಅರ್ಧ ಬಾಳೆಹಣ್ಣು, ಒಂದು ಲೋಟ ನೀರು ತೆಗೆದುಕೊಂಡು ಹೊರಡಿ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೇ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು 10 ಸಲದಂತೆ ಮೂರು ಸುತ್ತು, ವಾರಕ್ಕೆ ಎರಡು ದಿನ ಮಾಡಿ; ಸ್ನಾಯು ಉಳಿಯಲು ಇದು ಬೇಕು.

ಜ್ಯೂಸು, ಪುಡಿಗಳ ಬಗ್ಗೆ

ಸೋರೆಕಾಯಿ ರಸ ಕುಡಿಯುವವರು ಪ್ರತಿ ಸಲ ಒಂದು ಸಣ್ಣ ತುಂಡು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿ ಇದ್ದರೆ ಉಗುಳಿ ಬಿಸಾಡಿ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ವಿಷದಿಂದ ರಕ್ತವಾಂತಿಯಾಗಿ ದೇಶದಲ್ಲಿ ಸಾವುಗಳೂ ಆಗಿವೆ. ನಮ್ಮ ಹಿತ್ತಲಿನ ಬಿಂಬುಳಿ ಉಪ್ಪಿನಕಾಯಿಗೆ, ಸಾರಿಗೆ ಇರಲಿ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ಗಟ್ಟಿ ರಸ ಕುಡಿದು, ಆಕ್ಸಲೇಟ್ ಹರಳು ಕಟ್ಟಿಕೊಂಡು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಒಳಗೆ ಏನಿದೆ ಎಂದು ಬರೆದಿರದ ತೂಕ ಇಳಿಸುವ ಪುಡಿ ಬೇಡವೇ ಬೇಡ. ಸೆಮಾಗ್ಲುಟೈಡ್, ಟಿರ್ಝೆಪಟೈಡ್ ಚುಚ್ಚುಮದ್ದು ಕೆಲಸ ಮಾಡುತ್ತದೆ, ಆದರೆ ವಾಕರಿಕೆ, ವಾಂತಿ, ಮಲಬದ್ಧತೆ ಅದರ ಸಾಮಾನ್ಯ ಅಡ್ಡಪರಿಣಾಮ. ವೈದ್ಯರು ಬರೆದುಕೊಡದೆ ತರಬಾರದು.

ತೂಕ ನೋಡುವ ಕ್ರಮ

ಬೆಳಿಗ್ಗೆ ಶೌಚದ ನಂತರ, ತಿಂಡಿಯ ಮೊದಲು, ಒಂದೇ ಯಂತ್ರದಲ್ಲಿ. ಒಣಮೀನು, ಹಪ್ಪಳ, ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿಗೆ ಮುಂಚಿನ ವಾರ ಒಂದೆರಡು ಕಿಲೋ ನೀರು ಹೆಚ್ಚು ತೋರಿಸಬಹುದು, ಅದು ಕೊಬ್ಬಲ್ಲ. ವಾರಕ್ಕೆ ಮೂರು ದಿನ ನೋಡಿ ಸರಾಸರಿ ತೆಗೆಯಿರಿ. ನಾಲ್ಕು ವಾರ ಸರಾಸರಿ ಕದಲದಿದ್ದರೆ ಇನ್ನೂ ಕಡಿಮೆ ಉಣ್ಣುವ ಮೊದಲು ಕಾಯಿ, ಎಣ್ಣೆ, ಅಕ್ಕಿಯನ್ನು ಮೂರು ದಿನ ಮತ್ತೆ ಅಳೆದು ನೋಡಿ, ಅಳತೆ ಸದ್ದಿಲ್ಲದೆ ಬೆಳೆದಿರುತ್ತದೆ. ಅಳತೆ ಸರಿಯಿದ್ದೂ ಸುಸ್ತು, ಚಳಿ, ನಿದ್ದೆಗೇಡು ಇದ್ದರೆ ಎರಡು ವಾರ ತೂಕ ಇದ್ದ ಹಾಗೇ ಇರಿಸುವ ಅಳತೆಗೆ (ನಮ್ಮ 72 ಕಿಲೋದವರಿಗೆ 1,800 ಕ್ಯಾಲೊರಿ) ಮರಳಿ, ಪ್ರೋಟೀನ್ ಹಾಗೇ ಇಟ್ಟು, ಆಮೇಲೆ ಮುಂದುವರಿಸಿ.

ಪ್ರಜ್ಞೆ ತಪ್ಪುವುದು, ಎದೆನೋವು, ನಿಲ್ಲದ ವಾಂತಿ, ಏದುಸಿರು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು. ಬಲ ಪಕ್ಕೆಲುಬಿನ ಕೆಳಗೆ ಹುಟ್ಟಿ ಭುಜಕ್ಕೆ ಹರಿಯುವ ನೋವು ಅದರ ಲಕ್ಷಣ, ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಮೂರು ತಿಂಗಳು ಮುಟ್ಟು ನಿಂತರೆ ಡಯಟ್ ನಿಲ್ಲಿಸಿ ವೈದ್ಯರನ್ನು ಕಾಣಿ. ಉಂಡದ್ದನ್ನು ಬೆರಳು ಹಾಕಿ ಕಕ್ಕುವುದು, ಗುಟ್ಟಾಗಿ ಬಹಳ ತಿಂದು ಆಮೇಲೆ ಉಪವಾಸ ಕೂರುವುದು ಶುರುವಾಗಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.